ಅತ್ತೆಯವರ ಕೋಳಿ ಪಂಚಾಂಗ

ವಯಸ್ಸಾದವರಿಂದ ಒಂದೊಂದಾಗಿ ಕೈಬಿಟ್ಟು ಹೋಗುವ ಸಂಗತಿಗಳನ್ನು ಎಣಿಸುವಾಗ ನಾವು ಹಲ್ಲು, ಕಣ್ಣು, ಮಂಡಿಗಳ ಹೆಸರು ಹೇಳುತ್ತೇವೆ. ಬಡಿಸುವ ಅಧಿಕಾರವೂ ಹಾಗೆಯೇ ಕೈಬಿಟ್ಟು ಹೋಗುತ್ತದೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ಅತ್ತೆಯವರಿಗೆ ಈಗ 82. ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ಅರುವತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತು ಬಂದವರಿಗೆಲ್ಲ ಮುದ್ದೆ ಇಕ್ಕಿದವರು. ಮಾವನವರು ತೀರಿಕೊಂಡ ಮೇಲೆ ಮೈಸೂರಿನ ನಮ್ಮ ಮನೆಗೆ ಬಂದರು. ಇಲ್ಲಿ ಒಲೆ ನನ್ನದು. ಮಗನಿಗೆ ಸಕ್ಕರೆ ಕಾಯಿಲೆ. ಅವರು ಅನ್ನವನ್ನು ಚಮಚದಲ್ಲಿ ಅಳೆದು ಉಣ್ಣುತ್ತಾರೆ. ಹನ್ನೊಂದು ವರ್ಷದ ಮೊಮ್ಮಗಳು ಅಜ್ಜಿ ಕೈತುತ್ತು ಕೊಡಲು ಬಂದರೆ, "ಹೊಟ್ಟೆ ತುಂಬಿದೆ ಅಜ್ಜಿ" ಎಂದು ಓಡುತ್ತಾಳೆ. "ಇನ್ನೊಂದ್ ಚೂರು ಇಕ್ಲಾ?" ಎಂದು ಕೇಳುವ ಆ ಕೈ ಬಂದ ಮೊದಲ ವರ್ಷವೆಲ್ಲ ಸೆರಗಿನ ತುದಿಯನ್ನು ತಿರುವುತ್ತಾ ಸುಮ್ಮನೆ ಕುಳಿತಿತ್ತು.

ಆ ಕೈಗೆ ಕೆಲಸ ದೊರೆತದ್ದು ಹಿತ್ತಿಲಿಗೆ ಐದು ಕೋಳಿಗಳು ಬಂದ ಮೇಲೆ. ಮೂರು ನಾಟಿ, ಎರಡು ಗಿರಿರಾಜ. ಗಿರಿರಾಜ ಎಂಬುದು ಹೆಬ್ಬಾಳದಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಿಲಿನಲ್ಲಿ ಸಾಕುವವರಿಗೆಂದೇ ರೂಪಿಸಿದ ತಳಿ. ನಾಟಿಗಿಂತ ದಪ್ಪ, ಮೊಟ್ಟೆಯೂ ಹೆಚ್ಚು. ಅವುಗಳಲ್ಲಿ ಒಂದಕ್ಕೆ ಅತ್ತೆಯವರು ಪಟೇಲಮ್ಮ ಎಂದು ಹೆಸರಿಟ್ಟರು. ಮಿಕ್ಕವು ಕಾಳನ್ನು ಹುಡುಕುತ್ತಿರುವಾಗ ಅದು ಬಡಿಸುವವರ ಪಾದದ ಮೇಲೆಯೇ ಬಂದು ನಿಲ್ಲುತ್ತದೆ. ಹಿತ್ತಿಲ ಬಾಗಿಲಿನ ಅಗುಳಿ ಸದ್ದಾದರೆ ಸಾಕು, ಐದೂ ರೆಕ್ಕೆ ಬಿಚ್ಚಿಕೊಂಡು ಓಡಿಬರುತ್ತವೆ. ಅತ್ತೆಯವರನ್ನು ಕಂಡು ಹಾಗೆ ಓಡಿಬರುವವರು ಈ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನ ತೊಂದರೆ ಅಲ್ಲಿಂದಲೇ ಮೊದಲಾಯಿತು. ಕೋಳಿ ಸಾಕಣೆಯ ಕೈಪಿಡಿಗಳು ಹೇಳುವ ಲೆಕ್ಕ ಬಹಳ ಬಿಗಿಯಾದದ್ದು. ಮೊಟ್ಟೆಯಿಡುವ ಕೋಳಿಯೊಂದಕ್ಕೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಅದರಲ್ಲಿ ನೂರಕ್ಕೆ 16ರಿಂದ 18 ಪಾಲು ಸಸಾರಜನಕ ಇರಬೇಕು. ಸುಣ್ಣದ ಅಂಶವೇ ದಿನಕ್ಕೆ ಸುಮಾರು ನಾಲ್ಕು ಗ್ರಾಂ ಬೇಕು. ಅಂಗಡಿಯ ಲೇಯರ್ ಫೀಡಿನಲ್ಲಿ ಇವೆಲ್ಲ ಹದವಾಗಿ ಬೆರೆತಿರುತ್ತವೆ. ಮೇಲಿನ ತಿಂಡಿ ತಿನಿಸು ಏನಿದ್ದರೂ ಒಟ್ಟು ಆಹಾರದ ಹತ್ತರಲ್ಲೊಂದು ಪಾಲನ್ನು ಮೀರಬಾರದು. ಅಂದರೆ ನಮ್ಮ ಐದು ಕೋಳಿಗಳಿಗೂ ಸೇರಿ ದಿನಕ್ಕೆ ಒಂದು ಹಿಡಿ ಕಾಳು. ಒಂದೇ ಹಿಡಿ! ಇತ್ತ ಅತ್ತೆಯವರು ಮಧ್ಯಾಹ್ನದ ಮಿಕ್ಕ ಅನ್ನವನ್ನು ತಟ್ಟೆಯ ತುಂಬ ಹರವಿಕೊಂಡು ಹಿತ್ತಿಲಿಗೆ ಇಳಿಯುತ್ತಿದ್ದರು. ನಾನು ಲೆಕ್ಕ ಒಪ್ಪಿಸಿದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿ, "ಕೋಳಿಗೂ ಅಳ್ದು ಇಕ್ಬೇಕಾ ಮಗ? ಈ ಮನೇಲಿ ಅಳೀದಲೆ ಉಣ್ಣೋವ್ರು ಅವು ಐದೇ ಇದ್ದೋ" ಎಂದರು.

ಉತ್ತರ ಕೊಡುವುದು ಕಷ್ಟವಾಯಿತು. ಅನ್ನವನ್ನು ನಿಲ್ಲಿಸಬಹುದು, ಆದರೆ ಅನ್ನ ಹಿಡಿದ ಕೈಯನ್ನು ನಿಲ್ಲಿಸುವುದು ಹೇಗೆ?

ಬಿಳಿಯ ಅನ್ನದ ವಿಷಯದಲ್ಲಿ ಮಾತ್ರ ನಾನು ಒಂದು ಕಥೆ ಹೇಳಿ ಗೆದ್ದೆ. ಕಥೆಯಲ್ಲ, ನಡೆದದ್ದೇ. 1890ರ ದಶಕದ ಮಾತು. ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದರು. ಪ್ರಯೋಗಶಾಲೆಯ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ತಡವರಿಸತೊಡಗಿತು, ಕತ್ತು ಬಿದ್ದುಹೋಯಿತು. ಕೆಲವು ಕಾಲದ ಮೇಲೆ, ಯಾವ ಔಷಧಿಯೂ ಇಲ್ಲದೆ, ಉಳಿದವು ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಡುವಿನ ಆ ದಿನಗಳಲ್ಲಿ ಕೋಳಿಗಳಿಗೆ ಸೈನಿಕರ ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ, ಪಾಲಿಶ್ ಮಾಡಿದ ಅಕ್ಕಿಯ ಅನ್ನ ಹಾಕುತ್ತಿದ್ದರು. ಆಮೇಲೆ ಬಂದ ಹೊಸ ಅಡಿಗೆಯವನು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾರೆನೆಂದು ಹಟ ಹಿಡಿದ. ಅವು ಮತ್ತೆ ಒರಟು ಅಕ್ಕಿಗೆ ಮರಳಿ ಬದುಕಿಕೊಂಡವು. ಐಕ್‌ಮನ್ ಮೊದಲು ಬಿಳಿಯ ಅಕ್ಕಿಯಲ್ಲಿಯೇ ಏನೋ ವಿಷವಿದೆಯೆಂದು ಎಣಿಸಿದ್ದರು. ವಿಷವಿದ್ದದ್ದಲ್ಲ, ತೌಡಿನ ಜೊತೆಗೆ ಒಂದು ಜೀವಸತ್ವ ಹೋಗಿಬಿಟ್ಟಿತ್ತೆಂಬುದು ಆಮೇಲೆ ತಿಳಿಯಿತು. 1929ರಲ್ಲಿ ಅವರಿಗೆ ಹಾಪ್ಕಿನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿಯೊಡನೆ ನೊಬೆಲ್ ಬಹುಮಾನ ಬಂದಿತು. ಅತ್ತೆಯವರು ಎಲ್ಲವನ್ನೂ ಕೇಳಿ, "ಬೌಮಾನ ಆ ಅಡಿಗೆಯೋನ್ಗೆ ಕೊಡ್ಬೇಕಿತ್ತು" ಎಂದರು. ಅಂದಿನಿಂದ ಅನ್ನ ಕಡಿಮೆಯಾಯಿತು. ರಾಗಿ ಬಂತು.

ರಾಗಿಯ ವಿಷಯದಲ್ಲಿ ಅವರಿಗೆ ಸೋಲುವ ಇಷ್ಟ ನನಗೂ ಇತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂ ಬೇಕಲ್ಲ! ಇಡೀ ದಿನ ರಾಗಿಯೊಂದನ್ನೇ ತಿಂದರೂ ಕೋಳಿಗೆ ಅರ್ಧ ಗ್ರಾಂ ದಕ್ಕುವುದಿಲ್ಲ. ಸಾಲದ್ದನ್ನು ಅದು ತನ್ನ ಮೂಳೆಯಿಂದ ತೆಗೆದು ಚಿಪ್ಪಿಗೆ ಹಾಕುತ್ತದೆ. ಈ ಮಾತನ್ನು ಹೇಳಿದಾಗ ಅತ್ತೆಯವರು ತಮ್ಮ ಮಂಡಿಯನ್ನು ನೀವಿಕೊಂಡದ್ದನ್ನು ಕಂಡೆ, ಆರು ಹೆತ್ತವರು. ಈಗ ಹಿತ್ತಿಲ ಮೂಲೆಯಲ್ಲಿ ಒಂದು ಕರಟದ ತುಂಬ ಕಪ್ಪೆಚಿಪ್ಪಿನ ಪುಡಿ ಸದಾ ಇರುತ್ತದೆ. ಅದನ್ನು ಫೀಡಿನಲ್ಲಿ ಬೆರೆಸಬೇಕಾಗಿಲ್ಲ. ಬೇಕಾದ ಕೋಳಿ ಬೇಕಾದಷ್ಟನ್ನು ತಾನೇ ಕುಕ್ಕಿ ತಿನ್ನುತ್ತದೆ; ಅದೂ ಸಂಜೆಯ ಹೊತ್ತಿನಲ್ಲಿ ಹೆಚ್ಚು, ಏಕೆಂದರೆ ಚಿಪ್ಪು ಕಟ್ಟುವುದು ಮುಖ್ಯವಾಗಿ ರಾತ್ರಿ.

ಕಡೆಗೆ ನಮ್ಮಿಬ್ಬರಿಗೂ ಒಂದು ಒಪ್ಪಂದವಾಯಿತು. ಬೆಳಿಗ್ಗೆ ಮತ್ತು ಸಂಜೆಯ ಫೀಡು ನನ್ನದು. ನಾಲ್ಕು ಗಂಟೆಯ ತಿಂಡಿ ಅವರದು. ಏನು ಕೊಡಬೇಕೆಂಬುದನ್ನು ಅವರೇ ನಿಶ್ಚಯಿಸತಕ್ಕದ್ದು, ನಾನು ಬಾಯಿ ಹಾಕಕೂಡದು. ಕಾಳಾದರೆ ಒಂದು ಹಿಡಿ. ಸೊಪ್ಪು ಹಣ್ಣುಗಳಾದರೆ ಅಷ್ಟು ಬಿಗಿಯಿಲ್ಲ, ಅವುಗಳಲ್ಲಿ ಮುಕ್ಕಾಲಿಗೂ ಹೆಚ್ಚು ನೀರೇ ತಾನೆ. ಆ ಒಂದು ಹಿಡಿಯನ್ನು ಅವರು ಹೇಗೆ ಬಡಿಸುತ್ತಾರೆ ಗೊತ್ತೆ? ಐದೈದು ಕಾಳಾಗಿ, ಮುಕ್ಕಾಲು ಗಂಟೆ.

ಅಲ್ಲಿಂದ ಹೊರಟಿತು ಅವರ ಪಂಚಾಂಗ. ಅಮೆರಿಕದಲ್ಲಿರುವ ನನ್ನ ನಾದಿನಿಯೂ ಮನೆಯ ಹಿಂದೆ ಮೂರು ಕೋಳಿ ಸಾಕಿದ್ದಾಳೆ. ಚಳಿಗಾಲದಲ್ಲಿ ಬೆಚ್ಚನೆಯ ಓಟ್ಸ್ ಕೊಡಿ, ಮಲಗುವ ಮುಂಚೆ ಜೋಳ ಕೊಡಿ ಎಂದು ಫೋನಿನಲ್ಲಿ ಸಲಹೆ ಕೊಡುತ್ತಾಳೆ. ಅವಳ ಊರಿನಲ್ಲಿ ಡಿಸೆಂಬರಿನಲ್ಲಿ ಕೋಳಿಯ ಕುಡಿಯುವ ನೀರು ಹೆಪ್ಪುಗಟ್ಟುತ್ತದೆ, ನಾಲ್ಕೂವರೆಗೆ ಕತ್ತಲಾಗುತ್ತದೆ. ಮೈಸೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ನಮ್ಮ ಕೋಳಿಗೆ ಚಳಿಗಿಂತ ಹೆಚ್ಚಾಗಿ ಕಾಡುವುದು ಬಿಸಿಲು ಮತ್ತು ಮಳೆ. ಹಿಮದ ನಾಡಿನ ಪಂಚಾಂಗ ನಮಗೆ ಹೊಂದುವುದಿಲ್ಲ.

ಯುಗಾದಿ ಕಳೆದ ಮೇಲೆ ಮೂರು ವಾರ ನೋಡಬೇಕು: ಕೋಳಿಗಳು ಕೊಕ್ಕು ತೆರೆದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ಏದುತ್ತಿರುತ್ತವೆ. ಅವುಗಳಿಗೆ ಬೆವರುವ ಗ್ರಂಥಿಯೇ ಇಲ್ಲ. ಮೈಯ ಬಿಸಿಯೋ ನಮಗಿಂತ ಹೆಚ್ಚು, 41 ಡಿಗ್ರಿಯ ಆಸುಪಾಸು. ಏದಿ ಏದಿ ಇಂಗಾಲಾಮ್ಲ ಹೊರಗೆ ಹೋದಂತೆ, ಚಿಪ್ಪು ಕಟ್ಟಲು ರಕ್ತದಲ್ಲಿ ಇರಬೇಕಾದ ಕಾರ್ಬೊನೇಟಿನ ಅಂಶ ಕಡಿಮೆಯಾಗುತ್ತದೆ. ಬೇಸಿಗೆಯ ಮೊಟ್ಟೆಯ ಚಿಪ್ಪು ತೆಳ್ಳಗಾಗುವುದಕ್ಕೆ ಇದೂ ಒಂದು ಕಾರಣ. ಅತ್ತೆಯವರ ಶಾಸ್ತ್ರದಲ್ಲಿ ಮುಸುಕಿನ ಜೋಳ ಉಷ್ಣ, ರಾಗಿ ತಂಪು, ಕಲ್ಲಂಗಡಿ ಬಲು ತಂಪು. ವಿಜ್ಞಾನದ ಪ್ರಕಾರ ಯಾವ ಆಹಾರ ಅರಗುವಾಗಲೂ ಮೈಯಲ್ಲಿ ಬಿಸಿ ಹುಟ್ಟುತ್ತದೆ. ಆದ್ದರಿಂದ ಏನು ಕೊಡುತ್ತೇವೆಂಬುದರಷ್ಟೇ ಯಾವಾಗ ಕೊಡುತ್ತೇವೆಂಬುದೂ ಮುಖ್ಯ. ಬೇಸಿಗೆಯಲ್ಲಿ ಫೀಡು ಬೆಳಿಗ್ಗೆ ಎಂಟರೊಳಗೆ, ಮತ್ತೆ ಸಂಜೆ ಐದರ ಮೇಲೆ. ಮಧ್ಯಾಹ್ನ ಕಲ್ಲಂಗಡಿಯ ಸಿಪ್ಪೆ, ಸೌತೆಕಾಯಿ, ಬೂದುಗುಂಬಳದ ತಿರುಳು. ಸಿಪ್ಪೆಯನ್ನು ಅತ್ತೆಯವರು ಮಣ್ಣಿನ ಮಡಕೆಯ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು ಕೊಡುತ್ತಾರೆ. ಇಬ್ಬರ ಶಾಸ್ತ್ರವೂ ಅಲ್ಲಿ ಒಂದಾಯಿತು.

ಮುಂಗಾರು ಅವರ ಹಬ್ಬದ ಕಾಲ. ಹಳೆಯ ಮಡಕೆಯೊಂದಕ್ಕೆ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಹಿತ್ತಿಲ ಹಸಿ ಮಣ್ಣಿನ ಮೇಲೆ ಬೋರಲು ಹಾಕುತ್ತಾರೆ. ಮಾರನೆಯ ದಿನ ಎತ್ತಿದರೆ ಗೆದ್ದಲು ಮುತ್ತಿರುತ್ತದೆ. ಪುಸ್ತಕದವರು ಸಸಾರಜನಕ ಎನ್ನುವುದು ಇದೇ ತಾನೆ? ಅದನ್ನು ಕೊಡವಿದ ಕ್ಷಣದಲ್ಲಿ ಪಟೇಲಮ್ಮನಿಗೆ ಪಟೇಲಿಕೆಯೂ ಮರೆತುಹೋಗುತ್ತದೆ. ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತಿದಾಗ, ಕೆಳಗೆ ನೀರಿನ ಬೋಗುಣಿ ಇಟ್ಟು ಹಿಡಿಯುವುದನ್ನು ಮಗಳೂ ಕಲಿತಿದ್ದಾಳೆ. "ಇವ್ನ ಹುರ್ದು, ಪುರಿ ಸೇರ್ಸಿ ನಾವೂ ತಿಂತಿದ್ದೋ" ಎಂದು ಅಜ್ಜಿ ಹೇಳಿದ ದಿನ ಅವಳು ರಾತ್ರಿ ಊಟ ಮಾಡಲಿಲ್ಲ.

ಮಳೆಗಾಲದ ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಯಜಮಾನರು ಲೆಕ್ಕದಲ್ಲಿ ಗಟ್ಟಿಗರು. 50 ಕಿಲೋ ಮೂಟೆ ಕೊಂಡರೆ ಅಗ್ಗವೆಂದು ಕಳೆದ ವರ್ಷದ ಜೂನ್ ತಿಂಗಳಲ್ಲಿ ಒಂದು ಮೂಟೆ ಲೇಯರ್ ಫೀಡು ತಂದಿಳಿಸಿದರು. ಐದು ಕೋಳಿಗಳಿಗೆ ದಿನಕ್ಕೆ 550 ಗ್ರಾಂ ಎಂದರೆ ಅದು ಸರಿಯಾಗಿ ಮೂರು ತಿಂಗಳು ಬರುತ್ತದೆ. ಆದರೆ ಆಷಾಢದ ಜಿಟಿಜಿಟಿ ಮಳೆ ಮೂರು ತಿಂಗಳು ಕಾಯಲಿಲ್ಲ. ಆರನೆಯ ವಾರದಲ್ಲಿ ಕೈ ಹಾಕಿದರೆ ಫೀಡು ಗಂಟು ಗಂಟಾಗಿ ಬಂತು. ಹಸಿರು ಛಾಯೆಯ ಬೂಷ್ಟು. ಹಳೆಯ ಉಗ್ರಾಣದ ವಾಸನೆ. ಅಂಗಡಿಯವನನ್ನು ಕೇಳಿದರೆ, "ಬಿಸಿಲಿಗೆ ಹರಡಿ ಹಾಕಿ ಅಮ್ಮಾವ್ರೆ, ಕೋಳಿಗೆ ಏನೂ ಆಗೋಲ್ಲ" ಎಂದ.

ಕಡಲೇಕಾಯಿ ಹಿಂಡಿ, ಮುಸುಕಿನ ಜೋಳ ಇವು ತೇವಕ್ಕೆ ಸಿಕ್ಕಿದರೆ ಒಂದು ಜಾತಿಯ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಲೋಕಕ್ಕೆ ತಿಳಿದುಬಂದದ್ದೂ ಹಕ್ಕಿಗಳ ಪ್ರಾಣದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದಕ್ಕೆ ಎಕ್ಸ್ ರೋಗವೆಂದೇ ಹೆಸರಿಟ್ಟರು. ಹುಡುಕುತ್ತಾ ಹೋದಾಗ ಬ್ರೆಜಿಲಿನಿಂದ ಬಂದ ಕಡಲೇಕಾಯಿ ಹಿಂಡಿಗೆ ಬಂದು ಮುಟ್ಟಿದರು. ಈ ವಿಷ ಈಲಿಗೆ ತಗಲುತ್ತದೆ. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗೀತು. ಆಗಲೇ ಹುಟ್ಟಿದ ವಿಷ ಒಣಗಿಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ.

ಮೂಟೆಯನ್ನು ಮಣ್ಣುಪಾಲು ಮಾಡಬೇಕೆಂದು ನಾನು ಹೇಳಿದಾಗ ಅತ್ತೆಯವರು ಅದರ ಮುಂದೆ ಕುಳಿತುಬಿಟ್ಟರು. ಅವರು 1965-66ರ ಬರದ ದಿನಗಳಲ್ಲಿ ಹೊಸ ಸೊಸೆಯಾಗಿದ್ದವರು. ಕೆರೆಯಂಗಳದ ಸೊಪ್ಪು ಬೇಯಿಸಿ ಹೊಟ್ಟೆ ತುಂಬಿಸಿಕೊಂಡದ್ದನ್ನು ಇಂದಿಗೂ ಹೇಳುತ್ತಾರೆ. ಚೆಲ್ಲಿದ ಅಕ್ಕಿಯನ್ನು ಕಣ್ಣಿಗೊತ್ತಿ ಡಬ್ಬಿಗೆ ಹಾಕುವವರು. ಇಪ್ಪತ್ತೈದು ಕಿಲೋಗೂ ಹೆಚ್ಚು ಧಾನ್ಯವನ್ನು ಹೂಳುವುದೆಂದರೆ! "ಆರಿಸಿ ನೋಡ್ತೀನಿ ಕಣವ್ವ, ಗಂಟ್ ತೆಗ್ದು ಒಳ್ಳೇದ್ ಉಳ್ಸನ" ಎಂದು ಮೊರ ತಂದರು. ಟರ್ಕಿ ಕೋಳಿಗಳ ಕಥೆ ಅವರ ಮೇಲೆ ಏನೂ ಪರಿಣಾಮ ಮಾಡಲಿಲ್ಲ. ಇಂಗ್ಲೆಂಡು ದೂರ. ಅರ್ಧ ಮೊರ ಆರಿಸಿ, ಒಂದು ಹಿಡಿ ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಆಮೇಲೆ ಕೇಳಿದರು: "ಇದು ಮೊಟ್ಟೆಗೆ ಇಳೀತದಾ?"

ಸ್ವಲ್ಪ ಮಟ್ಟಿಗೆ ಇಳಿಯಬಹುದು ಎಂದೆ. ಮಗಳು ದಿನವೂ ಶಾಲೆಗೆ ಹೋಗುವಾಗ ಒಂದು ಮೊಟ್ಟೆ ತಿನ್ನುತ್ತಾಳೆ. ಮೊರದಲ್ಲಿದ್ದುದನ್ನು ಮೂಟೆಗೆ ಸುರಿದು ಅವರೇ ಬಾಯಿ ಕಟ್ಟಿದರು. ತೆಂಗಿನ ಮರದಾಚೆ ಗುಂಡಿ ತೋಡಿಸಿ, ಪಕ್ಕದ ಮನೆಯವರ ಕೋಳಿಯೂ ಕೆದಕದಂತೆ ಮೇಲೆ ಎರಡು ಅಡಿ ಮಣ್ಣು ಬೀಳುವವರೆಗೂ ಕೋಲೂರಿಕೊಂಡು ಅಲ್ಲಿಯೇ ನಿಂತಿದ್ದರು. ಆ ದಿನ ರಾತ್ರಿ ಊಟ ಬೇಡವೆಂದರು. ನಾನು ಬಲವಂತ ಮಾಡಲಿಲ್ಲ. ಈಗ ಹತ್ತು ಕಿಲೋಗಿಂತ ಹೆಚ್ಚು ತರುವುದಿಲ್ಲ, ಹದಿನೆಂಟು ದಿನಕ್ಕೆ ಮುಗಿಯುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿ, ಅದರ ಕೆಳಗೆ ನೆಲ ತಾಕದಂತೆ ಹಲಗೆ. ಮಳೆಗಾಲದಲ್ಲಿ ಡಬ್ಬಿಯನ್ನು ದಿನವೂ ಮೂಸಿ ನೋಡುವ ಅಧಿಕಾರ ಅತ್ತೆಯವರದು.

ದಸರಾ ಕಳೆದ ಮೇಲೆ ಗರಿ ಉದುರುವ ಕಾಲ. ಹಿತ್ತಿಲ ತುಂಬ ಗರಿ. ಪಟೇಲಮ್ಮ ಹರಕು ಕಂಬಳಿ ಹೊದ್ದ ಭಿಕ್ಷುಕಿಯಂತಾದಳು. ಮೊಟ್ಟೆ ನಿಂತಿತು. ದೃಷ್ಟಿಯಾಯಿತೆಂದು ಅತ್ತೆಯವರು ಒಂದು ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಗರಿಯೆಂಬುದು ಹೆಚ್ಚುಕಡಿಮೆ ಸಸಾರಜನಕವೇ, ನೂರಕ್ಕೆ 85 ಪಾಲಿನಷ್ಟು. ಹೊಸ ಗರಿ ಬರುವಾಗ ಮೊಟ್ಟೆಗೆ ಮಿಗುವುದು ಏನೂ ಇಲ್ಲ. ಗಂಧಕವಿರುವ ಒಂದು ಬಗೆಯ ಸಸಾರಜನಕಾಂಶ ಆಗ ವಿಶೇಷವಾಗಿ ಬೇಕು. ಅದು ಎಳ್ಳಿನಲ್ಲಿ ಚೆನ್ನಾಗಿದೆ. ಎಳ್ಳು ಹಿಂಡಿಯ ಚೂರನ್ನು ನೆನೆಸಿ ಕೊಡತೊಡಗಿದೆವು. ಆ ದಿನಗಳಲ್ಲಿಯೇ ಒಂದು ಸಂಜೆ ನಮ್ಮ ಯಜಮಾನರು ಪತ್ರಿಕೆ ಓದುತ್ತಾ, "ಎರಡು ತಿಂಗಳಿಂದ ಮೊಟ್ಟೆಯಿಲ್ಲ, ದಿನಕ್ಕೆ ನೂರು ಗ್ರಾಂ ತಿನ್ನುವುದು ಮಾತ್ರ ತಪ್ಪಿಲ್ಲ. ದೊಡ್ಡದೊಂದನ್ನು ಭಾನುವಾರ ಸಾರಿಗೆ ಹಾಕಬಾರದೆ, ಅವ್ವ?" ಎಂದರು.

ಅತ್ತೆಯವರು ಎಳ್ಳು ಹಿಂಡಿ ಮುರಿಯುವುದನ್ನು ನಿಲ್ಲಿಸದೆ ಹೇಳಿದರು: "ನಾನೂ ಮೊಟ್ಟೆ ಇಕ್ಕಾಕಿಲ್ಲ ಕಣಪ್ಪ. ನಂಗೂ ದಿನಾ ಮೂರೊತ್ತು ಇಕ್ತಿದ್ದೀರಲ್ಲ."

ಪತ್ರಿಕೆ ಕೆಳಗಿಳಿಯಲಿಲ್ಲ, ಅದರ ಹಿಂದಿನಿಂದ ಮಾತೂ ಬರಲಿಲ್ಲ. ಭಾನುವಾರ ನಮ್ಮ ಮನೆಯಲ್ಲಿ ಮೀನಿನ ಸಾರಾಯಿತು.

ಧನುರ್ಮಾಸ ಬಂದರೆ ಅವರೆಕಾಯಿ. ಸೊಗಡಿನ ವಾಸನೆಗೆ ಮನೆಯೇ ಬದಲಾಗುತ್ತದೆ. ಅತ್ತೆಯವರು ಬಾಗಿಲಲ್ಲಿ ಕುಳಿತು ಸುಲಿಯುತ್ತಾರೆ, ಕೋಳಿಗಳು ಸುತ್ತ ಕುಳಿತು ಪಂಚಾಯಿತಿ ನಡೆಸುತ್ತವೆ. ಇಲ್ಲೊಂದು ಎಚ್ಚರಿಕೆಯನ್ನು ಸಹೋದರಿಯರಿಗೆ ಹೇಳಬೇಕು. ಹಸಿಯ ಅವರೆಕಾಳಿನಲ್ಲಿ ಸಸಾರಜನಕ ಅರಗದಂತೆ ತಡೆಯುವ ವಸ್ತುಗಳಿವೆ. ಚೆನ್ನಾಗಿ ಬೇಯಿಸಿದರೆ ಅವು ನಾಶವಾಗುತ್ತವೆ. ಕೋಳಿಗೆ ಕೊಡುವುದಾದರೆ ಉಪ್ಪು ಖಾರ ಹಾಕುವ ಮುಂಚೆ ತೆಗೆದಿಟ್ಟ ಬೆಂದ ಕಾಳು ನಾಲ್ಕಾರು ಕೊಡಬಹುದು. ಉಪ್ಪಿನ ವಿಷಯವೂ ಹಾಗೆಯೇ: ಮಿಕ್ಕ ಸಾರನ್ನ, ಉಪ್ಪಿನಕಾಯಿಯ ಹೋಳು, ಸಂಡಿಗೆ ಇವು ಬೇಡ. ಬೆಣ್ಣೆಹಣ್ಣಂತೂ ಕೂಡದು, ಅದರ ಸಿಪ್ಪೆ, ಬೀಜ, ಎಲೆ ಎಲ್ಲವೂ ಹಕ್ಕಿಗಳಿಗೆ ವಿಷ. ನುಗ್ಗೆಸೊಪ್ಪು, ದಂಟು ಮಾತ್ರ ವರ್ಷವಿಡೀ ನಡೆಯುತ್ತದೆ. ಮೊಟ್ಟೆಯ ಭಂಡಾರಕ್ಕೆ ಹಳದಿ ಬಣ್ಣ ಬರುವುದು ಹಸಿರಿನಿಂದ ಮತ್ತು ಹಳದಿ ಜೋಳದಿಂದ, ಬಿಳಿಯ ಅಕ್ಕಿಯಿಂದಲ್ಲ.

ಸಂಕ್ರಾಂತಿಗೆ ಅತ್ತೆಯವರು ಊರಿಗೆ ಹೋಗಿದ್ದರು. ಬರುವಾಗ ಮಡಿಲಲ್ಲಿ ಹೊಟ್ಟಿನ ನಡುವೆ ಹುದುಗಿಸಿಕೊಂಡು ಹನ್ನೊಂದು ನಾಟಿ ಮೊಟ್ಟೆ ತಂದರು. ನಮ್ಮ ಕರಿಯ ಕೋಳಿ ಕಾವಿಗೆ ಕುಳಿತು ಇಂದಿಗೆ ಹದಿನೇಳು ದಿನ, ಇಪ್ಪತ್ತೊಂದಕ್ಕೆ ಮರಿಯಾಗಬೇಕು. ಮರಿಗಳಿಗೆ ಲೇಯರ್ ಫೀಡು ಆಗದು, ಅದರಲ್ಲಿರುವ ಸುಣ್ಣದ ಅಂಶ ಎಳೆಯ ಮೂತ್ರಪಿಂಡಕ್ಕೆ ಭಾರ. ನೂರಕ್ಕೆ 20 ಪಾಲು ಸಸಾರಜನಕವಿರುವ ಸ್ಟಾರ್ಟರ್ ಬೇಕೆಂದು ಹೇಳಿದೆ. ಒಪ್ಪಿದರು. ಅದನ್ನು ದೊಡ್ಡ ಕೋಳಿಗಳು ಕದಿಯದಂತೆ, ಮಂಕರಿಯ ಅಂಚಿನಲ್ಲಿ ಮರಿ ಮಾತ್ರ ನುಸುಳುವಷ್ಟು ಕಿಂಡಿ ಬಿಡಿಸಿದ್ದಾರೆ. ಪಟೇಲಮ್ಮನ ತಲೆ ತೂರುತ್ತದೆಯೋ ಇಲ್ಲವೋ ಎಂದು ಅವಳನ್ನೇ ಹಿಡಿದು ತಂದು ಅಳತೆಯನ್ನೂ ನೋಡಿದ್ದಾಯಿತು. ಆದರೂ ನಿನ್ನೆ ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಹೊಸ ಡಬ್ಬಿ ಕಂಡಿತು. ತೆರೆದು ನೋಡಿದರೆ ಸಣ್ಣಗೆ ಒಡೆದು, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿದ ರಾಗಿಯ ನುಚ್ಚು. ಮಗಳ ಕೈಯಲ್ಲಿ ಚೀಟಿ ಬರೆಯಿಸಿ ಅಂಟಿಸಿದ್ದಾರೆ: "ಮರಿಗಳಿಗೆ. ನಾಲ್ಕು ಗಂಟೆಗೆ. ಅಜ್ಜಿ ಮಾತ್ರ."